ಅತ್ತೆ ಒಪ್ಪಿದ ಹಡಗು

ನನಗೊಂದು ಕೆಟ್ಟ ಅಭ್ಯಾಸವಿದೆ. ಸಾಮಾನು ಹೇರಿಕೊಂಡು ಹೋಗುವ ಲಾರಿಯೋ ಗಾಡಿಯೋ ಕಣ್ಣಿಗೆ ಬಿದ್ದರೆ ಸಾಕು, ನಿಂತಲ್ಲೇ ನಿಂತು ಅದನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡುತ್ತೇನೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಇದ್ದರೆ ನನಗೆ ನೆಮ್ಮದಿ. ತಿರುಗುಮುರುಗಾಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಮೊನ್ನೆ ಹಾಗೇ ಆಯಿತು. ನಮ್ಮ ಬೀದಿಯಲ್ಲಿ ಯಾರೋ ಮನೆ ಬದಲಿಸುತ್ತಿದ್ದರು. ಗಾಡಿಯ ತಳಕ್ಕೆ ಹಾಸಿಗೆ ಸುರುಳಿ, ಅದರ ಮೇಲೆ ಬೆತ್ತದ ಕುರ್ಚಿ, ಎಲ್ಲದರ ನೆತ್ತಿಯ ಮೇಲೆ ರುಬ್ಬುವ ಕಲ್ಲು! ನಾನು ಅಡ್ಡ ಹೋಗಿ, "ಅಪ್ಪಾ, ಕಲ್ಲನ್ನ ಅಡಿಗೆ ಹಾಕಪ್ಪಾ" ಎಂದೆ. ಗಾಡಿಯವನು ನನ್ನನ್ನೂ ನನ್ನ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನೂ ನೋಡಿ, "ಏನಮ್ಮಾ, ನೀವು ಎಂಜಿನಿಯರಾ?" ಎಂದು ತಮಿಳಿನಲ್ಲಿ ಕೇಳಿದ.

"ಅಲ್ಲಪ್ಪ, ನಾನು ಹಡಗು ಕಲಿತವಳು" ಎಂದೆ.

ಅವನು ಕಲ್ಲನ್ನು ಕೆಳಗಿಳಿಸಲಿಲ್ಲ. ನನ್ನನ್ನೇ ರಸ್ತೆಯಿಂದ ಪಕ್ಕಕ್ಕೆ ಇಳಿಸಿ ಹೋದ.

ನೀವೂ ನಗಬೇಡಿ. ನಾನು ಹೇಳಿದ್ದು ನಿಜ. ನಾಲ್ಕು ದಿಕ್ಕಿಗೂ ಬೆಟ್ಟ ನಿಂತಿರುವ ಸೇಲಂ ಊರಿನಲ್ಲಿ, ಸಮುದ್ರ ಎಂದರೆ ಮೆಟ್ಟೂರು ಅಣೆಕಟ್ಟಿಗಿಂತ ಸ್ವಲ್ಪ ದೊಡ್ಡದು ಎಂದುಕೊಂಡಿದ್ದ ನಾನು, ಬಟ್ಟೆ ಒಗೆಯುವ ತೊಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹಡಗು ಕಲಿತೆ. ಕಲಿಸಿದವನು ನನ್ನ ಮೈದುನ ನಂಜುಂಡ. ಪರೀಕ್ಷೆ ಮಾಡಿದವರು ನನ್ನ ಅತ್ತೆ.

ಎಪ್ಪತ್ತರ ದಶಕ ಆಗತಾನೇ ಕಾಲಿಟ್ಟಿದ್ದ ಕಾಲ. ನಮ್ಮನೆಯವರಿಗೆ ರೈಲ್ವೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಅತ್ತೆ ಧರ್ಮಪುರಿ ಬಳಿಯ ಅದಿಯಮಾನ್‌ಕೋಟೆ ಕಡೆಯ ಕುರಿ ಸಾಕುವ ಮನೆತನದವರು. ಓದು ಬರಹವಿಲ್ಲ, ಆದರೆ ಅವರ ಮಾತಿನ ಮೇಲೆ ಅಪೀಲೂ ಇಲ್ಲ. ಮಾವನವರು ಹೋದ ಮೇಲೆ ಮನೆಗೆ ಅವರೇ ಯಜಮಾನಿ. ನಂಜುಂಡ ಪಾಲಿಟೆಕ್ನಿಕ್ ಮುಗಿಸಿ ಎರಡು ವರ್ಷದಿಂದ ಒಂದು ಜವ್ವರಿಸಿ ಮಿಲ್ಲಿನಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದ. ಜವ್ವರಿಸಿ ಎಂದರೆ ನೀವು ಪಾಯಸಕ್ಕೆ ಹಾಕುವ ಸಾಬೂದಾನಿ. ಸಂಜೆ ಮನೆಗೆ ಬಂದರೆ ಹುಬ್ಬು, ಕಿವಿ, ಮೂಗಿನ ತುದಿಯೆಲ್ಲ ಹಿಟ್ಟು. ಅತ್ತೆ ಅವನನ್ನು ನೋಡಿ, "ಬಂದ ನೋಡಮ್ಮಾ, ಎಣ್ಣೆಗೆ ಬಿಡಾಕೆ ರೆಡಿಯಾಗಿರೋ ಬಜ್ಜಿ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಆದರೆ ಆ ಮಿಲ್ಲು ಅವನಿಗೆ ಸೇರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ತಟ್ಟೆಗೆ ಅನ್ನ ಬಡಿಸುವವಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಒಂದು ಮಧ್ಯಾಹ್ನ ಅವನ ಹೆಸರಿಗೆ ದಪ್ಪ ಕಾಗದದ ಕವರು ಬಂತು. ಯಾರಿಗೂ ಹೇಳದೆ ಯಾವುದೋ ಹಡಗಿನ ಕಂಪನಿಗೆ ಅರ್ಜಿ ಹಾಕಿದ್ದನಂತೆ. ಸರಕು ಸಾಗಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಕೆಲಸ. ಹನ್ನೆರಡು ದಿನದೊಳಗೆ ಮದರಾಸಿಗೆ ಬಂದು ಸೇರಬೇಕು. ನಂಜುಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಗದವನ್ನು ಮೂರು ಸಲ ಓದಿದ. ನಾನು ಒಲೆಗೆ ಬೆನ್ನು ಹಾಕಿ ಮೂರು ಸಲವೂ ಕೇಳಿದೆ. ಒಲೆಯ ಮೇಲೆ ಇದ್ದ ಹಾಲು ಉಕ್ಕಿತು. ಶುಭ ಎಂದುಕೊಂಡೆ.

ಅತ್ತೆಗೆ ಮಾತ್ರ ಅದು ಶುಭವಾಗಿ ಕಾಣಲಿಲ್ಲ.

"ಏನ್ಲಾ, ಕಪ್ಪಲಾ?" ಎಂದರು. ಹಡಗು ಎನ್ನುವ ಮಾತು ಅವರಿಗೆ ಬರುತ್ತಿರಲಿಲ್ಲ, ತಮಿಳಿನ ಕಪ್ಪಲೇ ಬರುತ್ತಿದ್ದುದು. "ಯಾರ್ನ ಕೇಳ್ದೆ? ನಮ್ ಸೋದರ್ಮಾವ ಪಿನಾಂಗಿಗೆ ಓಗ್ತೀನಿ ಅಂತ ಕಪ್ಪಲು ಅತ್ತಿದ್ನಲ್ಲಾ, ಬಂದ್ನಾ? ನಮ್ಮಜ್ಜಿ ಸಾಯೋಗಂಟ ಬಾಗ್ಲು ನೋಡ್ತಾ ಇದ್ಲು."

ನಮ್ಮನೆಯವರು ಪೇಪರಿನ ಹಿಂದಿನಿಂದ, "ಅವ್ವಾ, ಅವ್ನು ಮುಳುಗ್ಲಿಲ್ಲ ಅಂತಾರೆ. ಅಲ್ಲೇ ಇನ್ನೊಂದು ಸಂಸಾರ ಊಡ್ಕಂಡ್ನಂತೆ" ಎಂದರು.

"ಎರಡೂ ಒಂದೇ ಕಣ್ಲಾ. ಕಪ್ಪಲು ಅತ್ತಿದ್ಕೇ ತಾನೆ ಆಗಿದ್ದು!"

ವಾದ ಮುಗಿಯಿತು. ನಂಜುಂಡ ತಾಯಿಯ ಬಾಯಿಂದ 'ಹೋಗಿ ಬಾ' ಎನ್ನಿಸದೆ ಹೊಸಿಲು ದಾಟುವವನಲ್ಲ. ಅದು ಅವನಿಗೂ ಗೊತ್ತು, ತಾಯಿಗೂ ಗೊತ್ತು. ಎರಡು ದಿನ ಅವನು ಬಜ್ಜಿಯ ಹಾಗೇ ಬಂದು ಬಜ್ಜಿಯ ಹಾಗೇ ಹೋದ. ಮೂರನೆಯ ದಿನ ಅತ್ತೆಯ ಮನಸ್ಸು ಒಂದು ಎಳೆಯಷ್ಟು ಸಡಿಲಿತು. "ಅದು ಮಗುಚ್ಕಳಾಕಿಲ್ಲ ಅಂತ ನನ್ ಕಣ್ಣಿಗೆ ತೋರ್ಸು. ಬಾಯಾಗ್ ಏಳ್ಬ್ಯಾಡ. ತೋರ್ಸು. ಆಮೇಲೆ ನೋಡನ" ಎಂದರು.

ದೇವರು ದೊಡ್ಡವನು. ಅವನು ಬಾಗಿಲು ತೆಗೆಯದಿದ್ದರೂ ಕಿಟಕಿಯ ಒಂದು ಕಂಬಿಯನ್ನಾದರೂ ಸರಿಸುತ್ತಾನೆ. ಇಂಥ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿಕೊಂಡೇ ನಾನು ಬದುಕಿರುವುದು. ಆ ದಿನ ಚೌಡೇಶ್ವರಿಯ ಪಟದ ಮುಂದೆ ಒಂದು ಬತ್ತಿ ಹೆಚ್ಚಿಗೆ ಇಟ್ಟೆ.

ಮರುದಿನದಿಂದ ನಮ್ಮ ಹಿತ್ತಲ ತೊಟ್ಟಿ ಬಂಗಾಳ ಕೊಲ್ಲಿಯಾಯಿತು.

ಮೊದಲು ನಂಜುಂಡ ಒಂದು ಮೊಳೆಯನ್ನು ನೀರಿಗೆ ಹಾಕಿದ. ಮುಳುಗಿತು. ಆಮೇಲೆ ನನ್ನ ಕಬ್ಬಿಣದ ಬಾಣಲೆಯನ್ನು ಮೆಲ್ಲಗೆ ಬಿಟ್ಟ. ತೇಲಿತು! ಹದಿನೈದು ವರ್ಷದಿಂದ ಅದೇ ತೊಟ್ಟಿಯಲ್ಲಿ ಅದೇ ಬಾಣಲೆಯನ್ನು ಉಜ್ಜುತ್ತಿದ್ದೇನೆ, ಅದು ತೇಲುತ್ತದೆ ಎಂದು ಒಂದು ದಿನವಾದರೂ ಆಶ್ಚರ್ಯಪಟ್ಟಿದ್ದೇನೆಯೇ? ಸೊಪ್ಪು ಬಿಡಿಸುತ್ತ ಮೆಟ್ಟಿಲ ಮೇಲೆ ಕುಳಿತಿದ್ದ ಅತ್ತೆಯೂ ಕತ್ತು ಚಾಚಿದರು.

"ಮೊಳೆಗಿಂತ ಬಾಣ್ಲೆ ಭಾರ ಅಲ್ವೇನವ್ವಾ? ಆದ್ರೂ ತೇಲ್ತದೆ. ಬಾಣ್ಲೆ ಎಷ್ಟು ನೀರನ್ನ ಪಕ್ಕಕ್ಕೆ ತಳ್ತದೋ, ಆ ನೀರು ವಾಪಸ್ ಬರಾಕೆ ನೋಡ್ತಾ ಇದನ್ನ ಮ್ಯಾಕೆ ಎತ್ತಿ ಇಡೀತದೆ" ಎಂದ ನಂಜುಂಡ.

"ತೇಲೋದು ಸರಿ. ವಾಲಿದ್ರೆ?"

ಅದಕ್ಕೇ ಅವನು ಎಣ್ಣೆ ಡಬ್ಬವೊಂದನ್ನು ಉದ್ದಕ್ಕೆ ಸೀಳಿ, ಎರಡು ತುದಿ ಚೂಪು ಮಾಡಿ ಹಡಗು ಮಾಡಿಟ್ಟಿದ್ದ. ಸರಕು ಎಂದರೆ ನನ್ನ ಅಡುಗೆಮನೆಯ ತಕ್ಕಡಿಯ ತೂಕದ ಕಲ್ಲುಗಳು. ಮೊದಲು ಹಡಗಿನ ಮೇಲೊಂದು ಹಲಗೆ ಇಟ್ಟು ಅದರ ಮೇಲೆ ಕಲ್ಲು ಹೇರಿದ. ಬೆರಳಲ್ಲಿ ಒಂದು ಸಲ ತಟ್ಟಿದ್ದೇ ತಡ, ಹಡಗು ಪಕ್ಕಕ್ಕೆ ವಾಲಿತು, ವಾಲಿದ್ದು ನಿಲ್ಲಲೇ ಇಲ್ಲ, ಕಲ್ಲುಗಳೆಲ್ಲ ಗುಳುಗುಳು ಎಂದು ತಳ ಸೇರಿದವು. ಅತ್ತೆ, "ಅಗೋ! ನಮ್ ಸೋದರ್ಮಾವ ಓಗಿದ್ದು ಇಂಗೇ!" ಎಂದು ಎದೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅವೇ ಕಲ್ಲುಗಳನ್ನು ಡಬ್ಬದ ತಳದಲ್ಲಿ ಜೋಡಿಸಿದ. ಈಗ ತಟ್ಟಿದರೂ ವಾಲುತ್ತದೆ, ಆದರೆ ಎದ್ದು ನಿಲ್ಲುತ್ತದೆ! ಮತ್ತೆ ತಟ್ಟಿದ, ಮತ್ತೆ ಎದ್ದಿತು. ನಾನೂ ತಟ್ಟಿದೆ. ನನ್ನ ಕೈಗೂ ಎದ್ದಿತು! ಯಾವ ದಿಕ್ಕಿಗೆ ವಾಲುತ್ತದೋ ಆ ಕಡೆಯ ಮೈ ಹೆಚ್ಚು ನೀರಿಗಿಳಿಯುತ್ತದಂತೆ, ಇಳಿದ ಕಡೆ ನೀರು ಹೆಚ್ಚು ಜೋರಾಗಿ ಮೇಲಕ್ಕೆ ಒತ್ತುತ್ತದಂತೆ. ಭಾರ ಕೆಳಗಿದ್ದರೆ ಆ ಒತ್ತು ಗೆಲ್ಲುತ್ತದೆ, ಭಾರ ಮೇಲಿದ್ದರೆ ಸೋಲುತ್ತದೆ. ಸರಕಿಲ್ಲದ ಹಡಗಿಗೆ ತಳದ ತೊಟ್ಟಿಗಳಲ್ಲಿ ಸಮುದ್ರದ ನೀರನ್ನೇ ತುಂಬಿಸಿ ಭಾರ ಮಾಡಿಕೊಂಡು ಹೋಗುತ್ತಾರಂತೆ. ಬರಿಗೈಯಲ್ಲಿ ಹೋದರೆ ಸಮುದ್ರ ಆಟ ಆಡಿಸುತ್ತದಂತೆ.

ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಯಾರೂ ಬೈಯಲಿಲ್ಲ. ಅದೂ ಒಂದು ಉಪಕಾರವೇ.

ಮರುದಿನದ ಪಾಠ ನನ್ನದು. ಇದನ್ನು ಹೇಳಿಕೊಳ್ಳಲು ಇವತ್ತಿಗೂ ನನಗೆ ಹೆಮ್ಮೆ. ನಂಜುಂಡ ನೀರಿನ ತೊಟ್ಟಿಯ ಮಾತು ಹೇಳುತ್ತಿದ್ದಾಗ ನಾನು ಬಾಯಿ ಹಾಕಿ, "ತೊಟ್ಟಿ ಅರ್ಧ ತುಂಬಿಸಿದ್ರೆ ಕಷ್ಟ ಅಲ್ವೇನಪ್ಪಾ?" ಎಂದೆ. ಬೀದಿ ನಲ್ಲಿಯಿಂದ ಅಗಲ ಬೇಸಿನ್ನಿನಲ್ಲಿ ಅರ್ಧ ನೀರು ಹೊತ್ತು ತಂದವರಿಗೆ ಗೊತ್ತು. ಒಂದು ಹೆಜ್ಜೆ ತಪ್ಪಿದರೆ ನೀರೆಲ್ಲ ಒಂದೇ ಕಡೆಗೆ ಓಡಿ ನಮ್ಮನ್ನೂ ಅದೇ ಕಡೆಗೆ ಎಳೆಯುತ್ತದೆ. ಎಷ್ಟು ಸಲ ಸೀರೆ ತೋಯಿಸಿಕೊಂಡಿದ್ದೇನೆ! ನಂಜುಂಡ ಬಾಯಿ ಬಿಟ್ಟುಕೊಂಡು ನೋಡಿದ.

"ಅತ್ಗೆ! ಇದು ನಮ್ಗೆ ಕಡೇ ವರ್ಷದಾಗೆ ಏಳ್ಕೊಟ್ಟಿದ್ದು! ಅದ್ಕೇ ತೊಟ್ಟಿ ಒಳಗೆ ಅಡ್ಡಗೋಡೆ ಆಕ್ತಾರೆ. ಇಲ್ಲಾ ಪೂರ್ತಿ ತುಂಬ್ತಾರೆ, ಇಲ್ಲಾ ಪೂರ್ತಿ ಖಾಲಿ ಮಾಡ್ತಾರೆ."

"ಪಾಲಿಟೆಕ್ನಿಕ್‌ಗೆ ನಿನ್ ಬದ್ಲು ಇವಳ್ನೇ ಕಳಿಸ್ಬೇಕಿತ್ತು" ಎಂದರು ಅತ್ತೆ. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ನಾನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಅಡ್ಡಗೋಡೆ ಎಂದಾಗ ನಂಜುಂಡನಿಗೆ ಹುರುಪು ಹೆಚ್ಚಾಗಿ ಒಂದು ತಪ್ಪು ಮಾಡಿದ. ಒಳಗೆ ಓಡಿ ಅತ್ತೆಯ ಸಾಂಬಾರ ಪೆಟ್ಟಿಗೆ ತಂದ. ಮೆಣಸು, ಜೀರಿಗೆ, ಮೆಂತ್ಯ, ಸಾಸಿವೆ, ಉದ್ದಿನಬೇಳೆಗೆ ಐದು ಮನೆಗಳಿರುವ ಮರದ ಪೆಟ್ಟಿಗೆ, ಅತ್ತೆ ತವರಿನಿಂದ ತಂದದ್ದು. "ನೋಡವ್ವಾ, ಅಡಗಿನ ಒಟ್ಟೆನೂ ಇಂಗೇ ಮನೆಮನೆ ಮಾಡಿರ್ತಾರೆ. ಒಂದು ಮನೆಗೆ ನೀರು ನುಗ್ಗಿದ್ರೂ ಪಕ್ಕದ ಮನೆಗೆ ಓಗಾಕಿಲ್ಲ" ಎನ್ನುತ್ತ ಸಾಸಿವೆಯ ಮನೆಗೆ ಒಂದು ಚೊಂಬು ನೀರು ಸುರಿದೇಬಿಟ್ಟ.

ಮೆಂತ್ಯ ಒದ್ದೆಯಾಗಲಿಲ್ಲ. ಜೀರಿಗೆ ಒದ್ದೆಯಾಗಲಿಲ್ಲ. ಹಡಗಿನ ವಿದ್ಯೆ ಗೆದ್ದಿತು. ಆದರೆ ಅತ್ತೆ ಸೊಪ್ಪಿನ ದಂಟು ಹಿಡಿದುಕೊಂಡು ಅವನನ್ನು ಹಿತ್ತಲ ತುಂಬ ಅಟ್ಟಾಡಿಸಿದರು. "ಸಮುದ್ರಕ್ ಓಗೋ ಮುಂಚೆನೇ ನನ್ ಮನೆ ಮುಳುಗಿಸ್ತೀಯೇನ್ಲಾ!" ಸಾಸಿವೆಯನ್ನು ಎರಡು ದಿನ ಬಿಸಿಲಿಗೆ ಹರವಿದೆ. ಅರ್ಧ ಮೊಳಕೆ ಬಂತು.

ಏಳು ದಿನ ಉಳಿದಿದ್ದವು. ಪಕ್ಕದ ಮನೆಗೆ ಸುಣ್ಣ ಹೊಡೆಯುವವರು ಉದ್ದನೆಯ ಬಿದಿರೇಣಿ ತಂದರು. ಇಬ್ಬರು ಎರಡು ತುದಿ ಹೊತ್ತಾಗ ನಡು ಜೋತುಬಿತ್ತು. ಒಬ್ಬನೇ ನಡುವಲ್ಲಿ ಹೊತ್ತಾಗ ತುದಿಗಳೆರಡೂ ಜೋತುಬಿದ್ದವು. ನಂಜುಂಡ ಓಡಿಬಂದು ನಮ್ಮಿಬ್ಬರನ್ನೂ ಗೋಡೆಯ ಬಳಿಗೆ ಎಳೆದೊಯ್ದ. ಹಡಗಿಗೂ ಇದೇ ಪಾಡಂತೆ. ಅಲೆ ಹೊಟ್ಟೆಯ ಕೆಳಗೆ ಬಂದಾಗ ಮೂತಿ ಬಾಲ ಎರಡೂ ಕೆಳಗೆ ಎಳೆಯುತ್ತವೆ, ಅಲೆ ಮೂತಿ ಬಾಲದ ಕೆಳಗೆ ಬಂದಾಗ ಹೊಟ್ಟೆ ಕೆಳಗೆ ಎಳೆಯುತ್ತದೆ. ದಿನವಿಡೀ ಹೀಗೇ. ಅದಕ್ಕೇ ತಳದುದ್ದಕ್ಕೂ ಬೆನ್ನುಮೂಳೆ ಇರುತ್ತದೆ, ಅದರಿಂದ ಪಕ್ಕೆಲುಬು ಏಳುತ್ತವೆ, ಅದರ ಮೇಲೆ ಉಕ್ಕಿನ ಚರ್ಮ. ಮತ್ತೆ, ಹಡಗು ಸ್ವಲ್ಪ ಬಳುಕಲೇಬೇಕಂತೆ. ಬಳುಕದೆ ಸೆಟೆದು ನಿಂತರೆ ಬಿರುಕು ಬಿಡುತ್ತದಂತೆ!

"ಸೊಸೆ ಇದ್ದಂಗೆ" ಎಂದರು ಅತ್ತೆ, ನನ್ನ ಕಡೆ ನೋಡದೆ.

"ಅತ್ತೆನೂ" ಎಂದೆ ನಾನು, ಏಣಿಯ ಕಡೆ ನೋಡುತ್ತ. ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ನಮ್ಮನೆಯವರಿಗೆ ಕೆಮ್ಮು ಬಂತು.

ಅವತ್ತೇ ನಂಜುಂಡ ತನ್ನ ಪುಸ್ತಕದಿಂದ ಹಡಗಿನ ಚಿತ್ರವೊಂದನ್ನು ತೋರಿಸಿದ. ಹಡಗಿನ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂಥ ಗೆರೆಗಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾರ ನಾಮಾನೋ? ಕಪ್ಪಲಿಗೂ ನಾಮ ಇಡ್ತಾರಾ?" ಎಂದರು.

"ಊಂ ಅವ್ವಾ, ನಾಮಾನೇ. ಎಷ್ಟು ಸರಕು ಏರಿದ್ರೂ ಈ ಗೆರೆ ನೀರಿಂದ ಮ್ಯಾಲೇ ಇರ್ಬೇಕು. ಬ್ಯಾಸಗೇಗೆ ಒಂದು ಗೆರೆ, ಚಳಿಗಾಲಕ್ಕೆ ಇನ್ನೊಂದು ಗೆರೆ. ಗೆರೆ ಮುಳುಗಿದ್ರೆ ಬಂದರಿನಿಂದ ಬಿಡಾಕಿಲ್ಲ."

ಅತ್ತೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ದುರಾಸೆಗೆ ಒಂದು ಗೆರೆ ಎಳೆದು, ಇಷ್ಟೇ ಎಂದು ಹೇಳಿದವರು ಯಾರೋ ಪುಣ್ಯಾತ್ಮರು ಎಂದು ನನಗೂ ಅನ್ನಿಸಿತು. ಇನ್ನೇನು ಒಪ್ಪಿಬಿಡುತ್ತಾರೆ ಎಂದು ನಾನು ಮನಸ್ಸಿನಲ್ಲಿ ದೇವಿಗೆ ತುಪ್ಪದ ದೀಪ ಹರಸಿಕೊಂಡೂ ಆಯಿತು. ಅತ್ತೆ ಪುಸ್ತಕ ಮುಚ್ಚಿ ಕೈಗೆ ಕೊಟ್ಟರು.

"ತೊಟ್ಟಿಯಾಗೆ ಡಬ್ಬ ತೇಲ್ಸಿದ್ರೆ, ಪುಸ್ತಕದಾಗೆ ಬೊಂಬೆ ತೋರ್ಸಿದ್ರೆ ಆಯ್ತಾ? ಕಲ್ಲಿಗೆ ಜೀವ ಐತಾ, ಭಯ ಐತಾ? ಮನುಷ್ರು ಕುಂತ್ರೆ ಏನಾಯ್ತದೆ ಅದನ್ನ ತೋರ್ಸು."

ನಂಜುಂಡನ ಮುಖ ಇಳಿದುಹೋಯಿತು. ಸೇಲಂನಲ್ಲಿ ಮನುಷ್ಯರು ಕೂರುವ ಹಡಗನ್ನು ಎಲ್ಲಿಂದ ತರುವುದು? ಮಾರನೆಯ ದಿನ ಅವನು ಮಿಲ್ಲಿಗೆ ಹೋಗುವಾಗ ಆ ಕವರನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದ್ದನ್ನು ನಾನು ನೋಡಿದೆ. ಇನ್ನು ಸುಮ್ಮನಿರಬಾರದು ಎನ್ನಿಸಿತು.

"ಅತ್ತೆ, ಒಗೇನಕಲ್ಲಿಗೆ ಓಗನಾ? ಕಾವೇರಿ ಸ್ನಾನ ಆಗ್ತದೆ. ಅಲ್ಲಿ ಅರಿಗೋಲು ಐತೆ" ಎಂದೆ.

ಹರಿಗೋಲು ನಿಮಗೆ ಗೊತ್ತಲ್ಲ, ಬಿದಿರಿನ ದೊಡ್ಡ ಬುಟ್ಟಿ, ಕೆಳಗೆ ತೊಗಲು. ಅಲ್ಲಿ ಅದನ್ನು ತಮಿಳಿನಲ್ಲಿ ಪರಿಸಲು ಎನ್ನುತ್ತಾರೆ. ಹಡಗಲ್ಲ, ನಿಜ. ಆದರೆ ಹೆಣೆದ ಬಿದಿರೇ ಪಕ್ಕೆಲುಬು, ತೊಗಲೇ ಚರ್ಮ, ಮನುಷ್ಯರೇ ಸರಕು. ಸ್ನಾನದ ಪುಣ್ಯವೂ ಇದ್ದುದರಿಂದ ಅತ್ತೆ ಬೇಡವೆನ್ನಲಿಲ್ಲ. ನಂಜುಂಡ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೆಟ್ಟರೆ ಎಲ್ಲ ನನ್ನ ತಲೆಯ ಮೇಲೇ ಎನ್ನುವುದು ಆಮೇಲೆ ಹೊಳೆಯಿತು.

ಐದು ದಿನ ಉಳಿದಿತ್ತು. ಬೆಳಗಿನ ಬಸ್ಸು ಹಿಡಿದು, ಧರ್ಮಪುರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಹೊಗೇನಕಲ್ಲು ಸೇರಿದಾಗ ಬಿಸಿಲೇರಿತ್ತು. ನಾಲ್ವರೂ ಹೊಳೆಯಲ್ಲಿ ಮಿಂದೆವು. ಹರಿಗೋಲಿನವನು ಮಾದಪ್ಪ ಅಂತ, ಐವತ್ತರ ಆಸುಪಾಸಿನ ಕರಿಯ, ಗಟ್ಟಿ ಆಳು. ಕನ್ನಡದವನೇ. ಆಮೆಯ ಚಿಪ್ಪಿನ ಹಾಗೆ ಹರಿಗೋಲನ್ನು ಬೆನ್ನ ಮೇಲೆ ಬೋರಲು ಹೊತ್ತು ತಂದು ನೀರಿಗಿಳಿಸಿದ. ಒಬ್ಬೊಬ್ಬರ ಮೈಯನ್ನೂ ತಕ್ಕಡಿಯಲ್ಲಿಟ್ಟ ಹಾಗೆ ನೋಡಿ, "ಅಜ್ಜಿ ಇಲ್ಲಿ, ಅಮ್ಮ ಆ ಪಕ್ಕ. ಯಜಮಾನ್ರು ಸ್ವಲ್ಪ ದಪ್ಪ, ನೀವು ಅತ್ಲಾಗೆ. ತಮ್ಮಯ್ಯ ಇತ್ಲಾಗೆ. ಎಲ್ಲಾ ತಳದಾಗೇ ಕುಂತ್ಕಬೇಕು, ಏಳಂಗಿಲ್ಲ" ಎಂದು ಕೂರಿಸಿದ. ನಂಜುಂಡನ ಕಣ್ಣು ಹೊಳೆಯಿತು. "ಅತ್ಗೆ, ನೋಡಿ, ಬುಕ್ಕಿನಾಗೆ ಇರೋದನ್ನೇ ಏಳ್ತಾವ್ನೆ!" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಎಂಥ ಸೊಗಸು ಅದು! ಎರಡು ಕಡೆಯೂ ಮುಗಿಲೆತ್ತರದ ಬಂಡೆ, ನಡುವೆ ಹಸಿರು ನೀರು, ಎಲ್ಲೋ ಮುಂದೆ ಆರ್ಭಟ ಮಾಡುವ ಧಾರೆಗಳ ಹೊಗೆ. ನಾನು ಕೂತ ಜಾಗದ ಅಡಿಯಲ್ಲೇ, ತೊಗಲಿನ ಆಚೆ, ನೀರು ಉಸಿರಾಡುವುದು ತೊಡೆಗೆ ಗೊತ್ತಾಗುತ್ತಿತ್ತು. ನೀರು ಏರಿದರೆ ಬಿದಿರು ಬಳುಕಿ ಏರುತ್ತದೆ, ನೀರು ಇಳಿದರೆ ಬಳುಕಿ ಇಳಿಯುತ್ತದೆ. ಅತ್ತೆ ಮೊದಲು ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಆಮೇಲೆ ಒಂದು ಕೈ ಬಿಟ್ಟರು. ಆಮೇಲೆ ಇನ್ನೊಂದು. "ಪರವಾಗಿಲ್ಲ ಕಣ್ಲಾ, ತೊಟ್ಲಂಗೈತೆ" ಎಂದರು! ನಂಜುಂಡನಿಗೆ ಆಗಲೇ ಮದರಾಸು ಕಂಡಿರಬೇಕು.

ಆಗಲೇ ಮಾದಪ್ಪ ಮುಂದೆ ಕೈ ತೋರಿಸಿ, "ಅಗೋ ಅಜ್ಜಿ, ಕಾವೇರಮ್ಮ" ಎಂದ. ಬಂಡೆಯ ತಿರುವು ದಾಟಿದ್ದೇ ತಡ, ಧಾರೆ ಪೂರ್ತಿಯಾಗಿ ಕಣ್ಣ ಮುಂದೆ ನಿಂತಿತ್ತು.

ನಮ್ಮ ಅತ್ತೆ ಒಂದು ದಿನವೂ ಕುಳಿತು ಆರತಿ ಎತ್ತಿದವರಲ್ಲ. ದೇವರು ಎದುರು ಬಂದಾಗ ಕಾಲು ಮುರಿದಿದ್ದರೂ ಎದ್ದು ನಿಲ್ಲಬೇಕು ಎನ್ನುವವರು. ಸೊಂಟದಿಂದ ಅರಿಶಿನ ಕುಂಕುಮ ಹೂವಿನ ಪೊಟ್ಟಣ ತೆಗೆದು, ಎರಡು ಕೈಯನ್ನೂ ತಲೆಯ ಮೇಲೆತ್ತಿ, "ತಾಯೇ!" ಎಂದು ಎದ್ದು ನಿಂತುಬಿಟ್ಟರು!

ಹರಿಗೋಲು ಅವರ ಕಡೆಗೆ ವಾಲಿತು. ಆ ಕ್ಷಣದಲ್ಲಿ ನಾವು ಮಾಡಿದ್ದೇನು ಗೊತ್ತೇ? ನಾನು, ನಮ್ಮನೆಯವರು, ನಾಲ್ಕು ದಿನದಿಂದ ಪಾಠ ಹೇಳಿದ ಮೇಷ್ಟ್ರು ನಂಜುಂಡ, ಮೂವರೂ ಅವರನ್ನು ಹಿಡಿಯಲು ಅವರ ಕಡೆಗೇ ಹಾರಿದೆವು. ಕಲಿತ ವಿದ್ಯೆ ಒಂದೂ ನೆನಪಾಗಲಿಲ್ಲ. ಅಂಚು ನೀರಿಗೆ ತಾಗಿತು. ತಣ್ಣನೆಯ ಕಾವೇರಿ ನನ್ನ ಮಡಿಲಿಗೆ ನುಗ್ಗಿದಳು.

"ಯಾರೂ ಬರ್ಬ್ಯಾಡಿ! ಇಂದಕ್ ಓಗಿ! ಅಜ್ಜೀ, ಕುಂತ್ಕಾ!" ಮಾದಪ್ಪನ ಕೂಗು ಬಂಡೆಗೆ ಬಡಿದು ತಿರುಗಿ ಬಂತು. ಅವನು ಹುಟ್ಟು ಹಿಡಿದುಕೊಂಡೇ ಎದುರು ಅಂಚಿನ ಮೇಲೆ ಮೈ ಚೆಲ್ಲಿದ. ನಂಜುಂಡನಿಗೆ ಆಗ ಬುದ್ಧಿ ಬಂತು. ನನ್ನನ್ನು ಹಿಂದಕ್ಕೆ ತಳ್ಳಿ, ತಾನು ತಳದಲ್ಲೇ ಮಲಗಿ, ತಾಯಿಯ ಎರಡು ಕಾಲನ್ನೂ ತಬ್ಬಿ ಕೆಳಕ್ಕೆ ಎಳೆದ. ಅತ್ತೆ ಹರಿಗೋಲಿನ ನಟ್ಟನಡುವೆ ದೊಪ್ಪನೆ ಕುಳಿತರು. ಹೂವು, ಅರಿಶಿನ, ಕುಂಕುಮ ಎಲ್ಲ ಒಟ್ಟಿಗೆ ನೀರು ಸೇರಿತು. ತಾಯಿಗೆ ಪೂಜೆಯಂತೂ ತಲುಪಿತು.

ಆಮೇಲಿನದೇ ನನಗೆ ಮರೆಯಲಾಗದ್ದು. ಯಾರೂ ಏನೂ ಮಾಡಲಿಲ್ಲ. ಹರಿಗೋಲು ಆ ಕಡೆ ಒಂದು ಸಲ ತೂಗಿತು, ಈ ಕಡೆ ಒಂದು ಸಲ ತೂಗಿತು, ಇನ್ನೂ ಸಣ್ಣಗೆ ಒಂದು ಸಲ, ಆಮೇಲೆ ನೆಟ್ಟಗೆ ನಿಂತಿತು. ತಾನಾಗಿ! ಅತ್ತೆಯ ಕಣ್ಣು ಅಂಚಿನಿಂದ ಅಂಚಿಗೆ ಓಡಾಡುತ್ತಿತ್ತು.

ಮಾದಪ್ಪ ಹರಿಗೋಲನ್ನು ದಡಕ್ಕೆ ತಿರುಗಿಸಿದ. ಎಲ್ಲರನ್ನೂ ಉಳಿಸಿದ್ದಕ್ಕೆ ದೇವಿಗೆ ಒಂದು ನಮಸ್ಕಾರ ಹಾಕಿ, ಅದರ ಬೆನ್ನಿಗೇ, ನಂಜುಂಡನ ಕೆಲಸಕ್ಕೆ ನಾನೇ ಎಳ್ಳುನೀರು ಬಿಟ್ಟೆನಲ್ಲ ಎಂದು ಕಣ್ಣೀರು ಹಾಕಿದೆ. ಬಂಡೆಯ ಮೇಲೆ ಪುಳಿಯೋಗರೆ ಬಿಚ್ಚಿಟ್ಟರೂ ಯಾರೂ ಕೈ ಹಾಕಲಿಲ್ಲ. ನಂಜುಂಡ ದೂರದಲ್ಲಿ ಬೆನ್ನು ತಿರುಗಿಸಿ ಅಂಗಿ ಹಿಂಡುತ್ತಿದ್ದ. ಅಂಗಿಯಲ್ಲಿ ನೀರು ಮುಗಿದ ಮೇಲೂ ಹಿಂಡುತ್ತಲೇ ಇದ್ದ.

ಅತ್ತೆ ಮಾದಪ್ಪನನ್ನು ಕರೆದರು. "ನೀನು ಎಷ್ಟು ವರ್ಷದಿಂದ ಇದನ್ನ ಓಡಿಸ್ತಿದೀಯಪ್ಪಾ?"

"ಮೀಸೆ ಬಂದಾಗಿಂದ ಅಜ್ಜಿ."

"ಎಷ್ಟು ಜನ ಬಿದ್ದವ್ರೆ?"

"ಕುಂತೋರು ಒಬ್ರೂ ಬಿದ್ದಿಲ್ಲ. ನಿಂತೋರ ಕತೆ ಕೇಳ್ಬ್ಯಾಡ."

ಅತ್ತೆ ತಲೆದೂಗಿದರು. ಒದ್ದೆ ಸೆರಗನ್ನು ಬಿಸಿಲಿಗೆ ಹರವಿಕೊಂಡರು. ಆಮೇಲೆ, "ಲೇ ನಂಜುಂಡ, ಬಾ ಇಲ್ಲಿ. ಆ ಕಪ್ಪಲಾಗೆ ನಿನ್ ಕೆಲ್ಸ ಮ್ಯಾಲಾ ಕೆಳಗಾ?" ಎಂದರು.

"ಕೆಳಗವ್ವಾ. ಎಂಜಿನ್ ರೂಮು ಅಡಿಯಾಗೇ ಇರ್ತದೆ."

"ತೀರಾ ಅಡಿಯಾಗಾ?"

"ತೀರಾ ಅಡಿಯಾಗೇ."

"ಅಂಗಾರೆ ಸರಿ. ಅಷ್ಟು ದೊಡ್ಡ ಕಪ್ಪಲಿಗೆ ಕೆಳಗೆ ಭಾರ ಬ್ಯಾಡ್ವಾ? ನೀನು ಚೆನ್ನಾಗಿ ಉಂಡು ಅಲ್ಲೇ ಕುಂತಿರು" ಎಂದು ಪುಳಿಯೋಗರೆಯ ದೊಡ್ಡ ಉಂಡೆಯೊಂದನ್ನು ಅವನ ಕೈಗಿಟ್ಟರು. "ಓಗಿ ಬಾ."

ನಂಜುಂಡ ಉಂಡೆ ಹಿಡಿದುಕೊಂಡು ನಿಂತೇ ಇದ್ದ. ನಾನು ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ನಕ್ಕುಬಿಟ್ಟೆ, ಯಾವುದು ಮೊದಲೋ ನೆನಪಿಲ್ಲ. ನಮ್ಮನೆಯವರು ಮಾತ್ರ, "ಮೇಷ್ಟ್ರೇ, ಪಾಸಾದ್ರಿ, ಕುಂತ್ಕಳಿ" ಎಂದರು.

ಅವನು ಹೊರಟ ದಿನ ನಾವೆಲ್ಲ ಜಂಕ್ಷನ್ನಿಗೆ ಹೋಗಿದ್ದೆವು. ಚಕ್ಕುಲಿ, ಉಪ್ಪಿನಕಾಯಿ, ಚೌಡೇಶ್ವರಿಯ ಕುಂಕುಮದ ಭರಣಿ, ಎಲ್ಲ ಕಟ್ಟಿಕೊಟ್ಟೆ. ಮದರಾಸಿನ ರೈಲು ಕದಲಿತು. ನಂಜುಂಡ ಬಾಗಿಲಲ್ಲಿ ನೆಟ್ಟಗೆ ನಿಂತು ತಾಯಿಗೆ ಎರಡೂ ಕೈಯೆತ್ತಿ ಮುಗಿದ. ಅತ್ತೆ ಪ್ಲಾಟ್‌ಫಾರಂ ಮೇಲೆ ರೈಲಿನ ಜೊತೆಗೇ ನಾಲ್ಕು ಹೆಜ್ಜೆ ಓಡಿದರು. ಹರಿಗೋಲಿನಲ್ಲೂ ದೇವರಿಗೆ ಎದ್ದು ನಿಂತ ನನ್ನ ಅತ್ತೆ, ಅಷ್ಟು ಜನರ ನಡುವೆ ಗಂಟಲು ಹರಿಯುವ ಹಾಗೆ ಕೂಗಿದರು:

"ಲೇ, ಸಮುದ್ರದಾಗೆ ದೇವ್ರು ನೆಪ್ಪಾದ್ರೆ ಎದ್ ನಿಂತ್ಕಬ್ಯಾಡ ಕಣ್ಲಾ! ಕುಂತ್ಕಂಡೇ ಕೈ ಮುಗಿ! ಅವ್ನು ಏನೂ ಅಂದ್ಕಳಾಕಿಲ್ಲ!"

ನಂಜುಂಡ ಬಾಗಿಲಲ್ಲೇ ಕುಳಿತುಬಿಟ್ಟ. ಕುಳಿತೇ ಕೈ ಮುಗಿದ.